ಸಾಕ್ಷಿಯ ಜೊತೆ ಯಾರು ಹೋಗುತ್ತೀರಿ?



ಓದಿದವನು ಕೊಲ್ಲೋದಿಲ್ಲ ಅಂತ ನಾವು ನಂಬಿದ್ದೇವೆ. ರುವಾಂಡಾ ದೇಶ ಈ ನಂಬಿಕೆಯನ್ನು ಸುಳ್ಳು ಮಾಡಿತು. 1930ರ ದಶಕದಲ್ಲಿ ಬೆಲ್ಜಿಯಂನ ದೊರೆಗಳು ಅಲ್ಲಿಯವರ ಗುರುತಿನ ಚೀಟಿ ಮೇಲೆ ಹುಟು, ಟುಟ್ಸಿ, ಟ್ವಾ ಅಂತ ಬರೆಸಿದರು. ಮುಂದೆ ಶಾಲೆಗಳಲ್ಲಿ ಮೇಷ್ಟ್ರುಗಳೇ ಟುಟ್ಸಿ ಮಕ್ಕಳನ್ನು ಎದ್ದು ನಿಲ್ಲಿಸಿ ಎಣಿಸಿದರು. 1994ರಲ್ಲಿ ಸುಮಾರು 100 ದಿನಗಳಲ್ಲಿ ಸುಮಾರು 8 ಲಕ್ಷ ಜನರನ್ನು ಕೊಂದರು, ಹೆಚ್ಚಿನವರು ಟುಟ್ಸಿಗಳು. ರಸ್ತೆ ತಡೆದು, ಅದೇ ಚೀಟಿ ನೋಡಿ ಕಡಿದರು. ಬುಟಾರೆಯ ವಿಶ್ವವಿದ್ಯಾಲಯದಲ್ಲಿ ಸತ್ತವರಲ್ಲೂ ಕೊಂದವರಲ್ಲೂ ಪ್ರೊಫೆಸರುಗಳಿದ್ದರು, ವಿದ್ಯಾರ್ಥಿಗಳಿದ್ದರು.

ಅಲ್ಲಿನ ಲೆಕ್ಕ ಬೇರೆ, ಇಲ್ಲಿನದು ಬೇರೆ. ಆದರೆ ತರಗತಿಯಲ್ಲಿ ಎದ್ದು ನಿಲ್ಲಿಸಿ ಜಾತಿ ಕೇಳೋ ಮೇಷ್ಟ್ರು ನಮಗೇನು ಹೊಸಬರೇ? 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ 7 ಜನ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು.

ಮಾನವ ಹಕ್ಕು ಅಂದರೆ ಪರೀಕ್ಷೆಯಲ್ಲಿ ಹತ್ತು ಮಾರ್ಕಿನ ಪ್ರಶ್ನೆಯಲ್ಲ. ರಜಾದಲ್ಲಿ ಊರಿಗೆ ಹೋದಾಗ ಕೇರಿಯಲ್ಲಿ ಕೂತು 1989ರ ದೌರ್ಜನ್ಯ ತಡೆ ಕಾಯ್ದೆಯನ್ನು ಓದಿ ಹೇಳಿ. ದೂರು ಬರೆಯೋದು ಕಲಿಸಿ. ನೋಡಿದವರ ಮಾತನ್ನು ಅವತ್ತೇ ಬರೆದಿಡಿ. ಕೋರ್ಟಿನ ದಿನ ಜೊತೆಗೆ ಹೋಗಿ. ಕೊಲ್ಲುವವರು ಗುಂಪಾಗಿ ಬರುತ್ತಾರೆ. ಸಾಕ್ಷಿ ಮಾತ್ರ ಒಬ್ಬನೇ ಯಾಕೆ ಹೋಗಬೇಕು?