ಚಂದ್ರದ್ರೋಣದ ಸುತ್ತು ನಡಿಗೆ



ಇವತ್ತಿನ ನನ್ನ ಮಾತು ಗುಡ್ಡ ಹತ್ತುವುದನ್ನು ಕುರಿತದ್ದು. ಇದನ್ನು ಕೇಳಿ ಕೋಸಗಿಯ ಕಡೆಯವರು, "ಗುಡ್ಡದ ಮಗ್ಗುಲಲ್ಲೇ ಹುಟ್ಟಿ ಬೆಳೆದವರಿಗೆ ಇದೇನು ಹೊಸದು?" ಎಂದು ನಗಬಹುದು. ನಿಜ. ದಸರಾ ರಾತ್ರಿ ದೇವರಗಟ್ಟಿನ ಮಾಳಮಲ್ಲೇಶ್ವರನ ಗುಡ್ಡ ಹತ್ತಿದ ಕಾಲುಗಳು ನಮ್ಮಲ್ಲಿ ಮನೆಮನೆಯಲ್ಲೂ ಇವೆ. ಆದೋನಿಯ ಕೋಟೆಯೇ ಐದು ಗುಡ್ಡಗಳ ಮೇಲೆ ಕೂತಿದೆ. ಅವುಗಳಲ್ಲಿ ಬಾರಾಖಿಲ್ಲಾ ಮತ್ತು ತಾಲಿಬಂಡ ಬಯಲಿನಿಂದ ಸುಮಾರು 800 ಅಡಿ ಮೇಲೆದ್ದಿವೆ. ಆದರೆ ನಾನು ಹೇಳಹೊರಟಿರುವ ಗುಡ್ಡಗಳು ಇಲ್ಲಿಯವಲ್ಲ. ದೂರದ ಚಿಕ್ಕಮಗಳೂರಿನವು. ದೂರದವಾದರೂ ನಮಗೆ ಹೇಗೆ ಹತ್ತಿರದವು ಎಂಬುದನ್ನು ಮುಂದೆ ಹೇಳುತ್ತೇನೆ.

ಚಿಕ್ಕಮಗಳೂರಿನ ಉತ್ತರಕ್ಕೆ ಚಂದ್ರದ್ರೋಣ ಪರ್ವತ ಎಂಬ ಸಾಲು ಇದೆ. ಬಿದಿಗೆಯ ಚಂದ್ರನ ಹಾಗೆ, ಇಲ್ಲವೇ ಕುದುರೆಯ ಲಾಳದ ಹಾಗೆ ಬಾಗಿದ ಸಾಲು ಅದು. ಒಳಮಗ್ಗುಲಲ್ಲಿ ಜಾಗರ ಕಣಿವೆ. ಈ ಸಾಲಿನಲ್ಲಿರುವ ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರವಿದ್ದು, ಕರ್ನಾಟಕಕ್ಕೆಲ್ಲ ಎತ್ತರದ ಶಿಖರ. ಪಕ್ಕದಲ್ಲೇ ಸೀತಾಳಯ್ಯನಗಿರಿ. ಆಚೆಗೆ ಬಾಬಾಬುಡನ್‌ಗಿರಿ, ಅದೂ 1,900 ಮೀಟರಿಗೆ ಸ್ವಲ್ಪವೇ ಕಡಿಮೆ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಂತರು ಯೆಮೆನ್ ದೇಶದಿಂದ ಏಳು ಕಾಫಿ ಬೀಜ ತಂದು ಇಲ್ಲಿ ಬಿತ್ತಿದರೆಂದು ಪ್ರತೀತಿ. ದತ್ತಾತ್ರೇಯರ ಪೀಠವೆಂದು ಹಿಂದೂಗಳೂ ಬಾಬಾರ ದರ್ಗಾ ಎಂದು ಮುಸಲ್ಮಾನರೂ ನಡೆದುಕೊಳ್ಳುವ ಸ್ಥಳ. ಹತ್ತಿರದ ಬಿಂಡಿಗದ ದೇವೀರಮ್ಮನ ಬೆಟ್ಟವನ್ನು ದೀಪಾವಳಿಯ ನರಕ ಚತುರ್ದಶಿಯಂದು ಸಾವಿರಾರು ಮಂದಿ ಬರಿಗಾಲಲ್ಲಿ ಹತ್ತುತ್ತಾರೆ.

ಈ ಗಿರಿಗಳನ್ನು ಒಂದೇ ಬೀಸಿನಲ್ಲಿ ಸುತ್ತಿ ಬರುವುದುಂಟು. ಸರ್ಪದಾರಿ ಎಂಬ ಕಾಲುಹಾದಿಯಲ್ಲಿ ಮುಳ್ಳಯ್ಯನಗಿರಿಗೆ ಹತ್ತುವುದು. ಹೆಸರಿಗೆ ತಕ್ಕಂತೆ ಹಾವಿನ ಹಾಗೆ ಹೊರಳುತ್ತ ಹೋಗುವ ದಾರಿ. ನೆತ್ತಿಯ ಮೇಲಿನ ಮುಳ್ಳಪ್ಪಸ್ವಾಮಿಯ ಗುಡಿಗೆ ಕೈಮುಗಿದು, ಸೀತಾಳಯ್ಯನಗಿರಿಯ ಕಡೆಗೆ ಇಳಿದು, ಗುಡ್ಡದ ಬೆನ್ನಿನ ಮೇಲೆಯೇ ಬಾಬಾಬುಡನ್‌ಗಿರಿಯತ್ತ ನಡೆದು, ಅಲ್ಲಿಂದ ಕವಿಕಲ್‌ಗಂಡಿಯ ರಸ್ತೆ ಹಿಡಿದು ಕೈಮರದ ಕಡೆಗೆ ಇಳಿದರೆ ಸುತ್ತು ಪೂರ್ತಿ. ಗಟ್ಟಿ ಕಾಲಿನವರಿಗೂ ಅದು ಬೆಳಗಿನಿಂದ ಬೈಗಿನ ತನಕದ ಕೆಲಸ.

ಹೊಲದಲ್ಲಿ ದಿನವಿಡೀ ದುಡಿಯುವವರಿಗೆ ಇದೆಷ್ಟರದು ಎನ್ನಬೇಡಿ. ಇಂಥ ಸುತ್ತಿನ ಕಷ್ಟ ಒಂದು ಶಿಖರದ ಎತ್ತರದಲ್ಲಿಲ್ಲ, ಶಿಖರಗಳ ನಡುವಿನ ತಗ್ಗಿನಲ್ಲಿದೆ. ಒಂದೇ ಗುಡ್ಡವಾದರೆ ಹತ್ತುತ್ತೇವೆ, ಇಳಿಯುತ್ತೇವೆ, ಮುಗಿಯಿತು. ಮೂರು ಗಿರಿಗಳಾದರೆ ಇಳಿದದ್ದನ್ನೆಲ್ಲ ಮತ್ತೆ ಹತ್ತಬೇಕು. ಮೊದಲನೆಯದನ್ನು ಉಮೇದಿನಲ್ಲಿ ಓಡಿ ಹತ್ತಿದವನು ಮೂರನೆಯದರ ಬುಡದಲ್ಲಿ ಕೂತುಬಿಡುತ್ತಾನೆ. ಮಾತಾಡುತ್ತ ಹತ್ತಲು ಆಗುವಷ್ಟು ನಿಧಾನವಾಗಿ ಹೋಗಬೇಕು. ಮಾತು ತುಂಡಾಯಿತೆಂದರೆ ವೇಗ ಹೆಚ್ಚಾಯಿತೆಂದೇ ಅರ್ಥ. ಇಳಿಯುವಾಗ ಮೊಣಕಾಲಿಗೆ ಹೊಡೆತ ಜಾಸ್ತಿ. ಸಣ್ಣ ಸಣ್ಣ ಹೆಜ್ಜೆ, ಕೈಯಲ್ಲೊಂದು ಕೋಲು ಇರಲಿ. ಕುರಿ ಕಾಯುವವರ ಕೋಲಿಗಿಂತ ಒಳ್ಳೆಯ ಸಾಧನ ಈ ಕೆಲಸಕ್ಕೆ ಇಲ್ಲ.

ಇನ್ನು ಚಳಿಯ ಮಾತು. ನಮ್ಮ ಬಯಲು ಸಮುದ್ರಮಟ್ಟಕ್ಕಿಂತ ಸುಮಾರು 400 ಮೀಟರ್ ಎತ್ತರದಲ್ಲಿದೆ. ಸಾವಿರ ಮೀಟರ್ ಮೇಲೇರಿದರೆ ಗಾಳಿ ಸುಮಾರು ಆರು ಡಿಗ್ರಿ ತಣ್ಣಗಾಗುತ್ತದೆ. ಆ ಲೆಕ್ಕದಲ್ಲಿ ಮುಳ್ಳಯ್ಯನಗಿರಿಯ ನೆತ್ತಿ ನಮ್ಮೂರಿಗಿಂತ ಒಂಬತ್ತು ಡಿಗ್ರಿಯಷ್ಟು ತಂಪು. ಅದರ ಮೇಲೆ ಗಾಳಿಯ ಹೊಡೆತ ಬೇರೆ. ಬೆವರಿ ಒದ್ದೆಯಾದ ಅಂಗಿಯಲ್ಲಿ ಆ ಗಾಳಿಗೆ ನಿಂತರೆ ನಡುಕ ಹುಟ್ಟುತ್ತದೆ. ಆದ್ದರಿಂದ ಒಣ ಅಂಗಿ ಒಂದು, ದಪ್ಪ ಟವಲು ಒಂದು ಚೀಲದಲ್ಲಿರಬೇಕು. ನಮ್ಮ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಬೆಲ್ಲಕ್ಕಿಂತ ಒಳ್ಳೆಯ ಬುತ್ತಿ ಅಂಗಡಿಯಲ್ಲಿ ಸಿಗದು. ತಂಪಿದೆಯೆಂದು ನೀರು ಕುಡಿಯುವುದನ್ನು ಮರೆಯಬಾರದು.

ಎಲ್ಲಕ್ಕಿಂತ ಮುಖ್ಯ ಮಂಜು. ಐದು ನಿಮಿಷದ ಹಿಂದೆ ಕಂಡ ದಾರಿ ಮಂಜು ಮುಸುಕಿದರೆ ಕಾಣುವುದಿಲ್ಲ. ಆಗ ಅಂದಾಜಿನ ಮೇಲೆ ನಡೆಯಬಾರದು. ಗುಂಪೆಲ್ಲ ಒಂದೆಡೆ ಕೂತು, ಮಂಜು ಸರಿಯುವ ತನಕ ಕಾಯಬೇಕು. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವನನ್ನು ಮುಂದೆ ಬಿಡಿ, ಹಿಂದೆ ಯಾರೂ ಉಳಿಯುವುದಿಲ್ಲ. ಬೇಸಿಗೆಯ ಕೊನೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಕೇಳಿಸಿದರೆ ಗುಡ್ಡದ ಬೆನ್ನು ಬಿಟ್ಟು ಕೆಳಗಿಳಿಯಬೇಕು. ಒಂಟಿ ಮರದ ಕೆಳಗೆ ನಿಲ್ಲಬಾರದು. ಮಳೆಗಾಲದಲ್ಲಿ ಜಿಗಣೆ ಬಹಳ. ಅದನ್ನು ಕಿತ್ತೆಳೆಯದೆ ಒಂದು ಚಿಟಿಕೆ ಉಪ್ಪು ಹಾಕಿ, ತಾನೇ ಬಿಡುತ್ತದೆ. ಕಾಡಿನ ದಾರಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಈಚಿನ ವರ್ಷಗಳಲ್ಲಿ ಗಿರಿಗೆ ಹೋಗುವ ವಾಹನಗಳಿಗೂ ಮಿತಿ ಬಂದಿದೆ. ಮೊದಲೇ ವಿಚಾರಿಸಿಕೊಂಡು ಹೊರಡುವುದು ಒಳ್ಳೆಯದು.

ನಮ್ಮ ಕಡೆಯ ಐದಾರು ಮಂದಿ ಕೂಡಿ ಈ ಸುತ್ತು ಹೋದಾಗ ಜೊತೆಗೊಬ್ಬರು ಹಿರಿಯ ರೈತರಿದ್ದರು, ಸಂಬಂಧದಲ್ಲಿ ನನಗೆ ಮಾವ. ಗುಡ್ಡದ ಬೆನ್ನಿನ ಮೇಲೆ ನಾವೆಲ್ಲ ಫೋಟೋ ತೆಗೆಯುವುದರಲ್ಲಿದ್ದರೆ ಅವರು ಹುಲ್ಲಿನ ಬುಡಕ್ಕೆ ಕೈಯಿಟ್ಟು ನೋಡುತ್ತಿದ್ದರು. "ಅಳಿಯಾ, ಇಲ್ಲಿ ಮಣ್ಣು ಇನ್ನೂ ಹಸಿ ಐತಿ ನೋಡು. ಈ ನೀರು ಯಾವ ಕಡೆ ಹೋಗ್ತದ?" ಎಂದರು.

ಆ ಪ್ರಶ್ನೆಗೆ ಉತ್ತರವೇ ಇವತ್ತಿನ ನನ್ನ ಮಾತಿನ ತಿರುಳು.

ಚಂದ್ರದ್ರೋಣದ ಮೇಲೆ ಬಿದ್ದ ಮಳೆ ಮೂರು ದಾರಿ ಹಿಡಿಯುತ್ತದೆ. ತೆಂಕಣ ಮಗ್ಗುಲಿನದು ಯಗಚಿಯಾಗಿ, ಹೇಮಾವತಿ ಸೇರಿ ಕಾವೇರಿಗೆ ಹೋಗುತ್ತದೆ. ಅದು ನಮ್ಮದಲ್ಲ. ಒಳಮಗ್ಗುಲಿನ ಜಾಗರ ಕಣಿವೆಯ ನೀರು ಸೋಮವಾಹಿನಿಯಾಗಿ ಭದ್ರೆಗೆ ಹೋಗುತ್ತದೆ. ಮೂಡಣ ಮಗ್ಗುಲಿನದು ವೇದಾ, ಅವತಿ ಎಂಬ ಎರಡು ಹಳ್ಳಗಳಾಗಿ ಇಳಿದು, ಕಡೂರು ಸೀಮೆಯಲ್ಲಿ ಕೂಡಿ ವೇದಾವತಿಯಾಗುತ್ತದೆ. ಹಿರಿಯೂರಿನ ಹತ್ತಿರ ಮಾರಿಕಣಿವೆಯಲ್ಲಿ ನಿಂತು, ಅನಂತಪುರ ಜಿಲ್ಲೆಯ ಭೈರವಾನಿತಿಪ್ಪ ದಾಟಿ, ಬಳ್ಳಾರಿ ಸೀಮೆಗೆ ಬರುವಾಗ ಅದಕ್ಕೊಂದು ಹೊಸ ಹೆಸರು. ಯಾವುದು ಹೇಳಿ? ನಮ್ಮ ಹಗರಿ!

ಭದ್ರೆ ಕೂಡ್ಲಿಯಲ್ಲಿ ತುಂಗೆಯನ್ನು ಕೂಡಿ, ಹೊಸಪೇಟೆಯ ಅಣೆಕಟ್ಟೆಗೆ ಬರುತ್ತದೆ. ಅಲ್ಲಿಂದ ಕೆಳದಂಡೆ ಕಾಲುವೆಯಲ್ಲಿ ನಮ್ಮ ಆದೋನಿ ಸೀಮೆಗೆ ಒಂದು ಪಾಲು, ಹೊಳೆಯಲ್ಲಿ ಇನ್ನೊಂದು ಪಾಲು. ಸಿರುಗುಪ್ಪದ ಸೀಮೆಯಲ್ಲಿ ಹಗರಿ ಬಂದು ತುಂಗಭದ್ರೆಗೆ ಸೇರುತ್ತದೆ. ಅಲ್ಲಿಂದ ಮುಂದೆ ಹೊಳೆ ನಮ್ಮ ಕೋಸಗಿಯ ಬಡಗಣ ಅಂಚಿಗೆ ಬಂದು ಮಂತ್ರಾಲಯಕ್ಕೆ ಹೋಗುತ್ತದೆ. ಎಂದರೆ, ಆ ಗುಡ್ಡದ ಬೆನ್ನಿನ ಮೇಲೆ ಒಂದು ಮಾರು ಅಂತರದಲ್ಲಿ ಬಿದ್ದ ಎರಡು ಹನಿ, ಬೆನ್ನು ತಿರುಗಿಸಿಕೊಂಡು ಬೇರೆ ಬೇರೆ ಹೋಗಿ, ನೂರಾರು ಮೈಲಿ ಸುತ್ತಿ, ನಮ್ಮೂರಿನ ಹೊಳೆಯಲ್ಲಿ ಮತ್ತೆ ಕೂಡುತ್ತವೆ. ನಾವು ಒಂದು ದಿನದಲ್ಲಿ ಮಾಡಿದ್ದು ಸಣ್ಣ ಸುತ್ತು. ನೀರಿನದೇ ದೊಡ್ಡ ಸುತ್ತು.

ಎಲ್ಲ ಹನಿಯೂ ಬರುತ್ತದೆ ಎನ್ನಲಾರೆ. ಹಗರಿಯಲ್ಲಿ ನಾವು ಕಾಣುವುದು ಬಹುಮಟ್ಟಿಗೆ ಮರಳನ್ನೇ. ಮಾರಿಕಣಿವೆ 1933ರಲ್ಲಿ ತುಂಬಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಬರುವ ಅಷ್ಟು ನೀರಾದರೂ ಬರಬೇಕಾದರೆ ಮೇಲೆ ಹುಲ್ಲು, ಕಾಡು ಉಳಿಯಬೇಕು. ಆ ಶಿಖರಗಳ ಮೇಲೆ ಮರ ಕಡಿಮೆ, ಹುಲ್ಲೇ ಹೆಚ್ಚು. ಗುಡ್ಡದ ಮಡಿಲಿನ ತಗ್ಗುಗಳಲ್ಲಿ ಮಾತ್ರ ದಟ್ಟ ಕಾಡು, ಅದಕ್ಕೆ ಶೋಲಾ ಕಾಡು ಎನ್ನುತ್ತಾರೆ. ಹುಲ್ಲು ಮಳೆಯ ಹೊಡೆತವನ್ನು ತಡೆಯುತ್ತದೆ, ಮಡಿಲಿನ ಕಾಡು ನೀರನ್ನು ಹೀರಿಟ್ಟುಕೊಂಡು ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಹುಲ್ಲು ಸುಟ್ಟರೆ, ಗುಡ್ಡ ಅಗೆದರೆ, ನೀರು ಒಮ್ಮೆಲೇ ಓಡುತ್ತದೆ, ಜೊತೆಗೆ ಮಣ್ಣನ್ನೂ ಹೊತ್ತು ತರುತ್ತದೆ.

ಆ ಮಣ್ಣು ಎಲ್ಲಿ ಬಂದು ನಿಲ್ಲುತ್ತದೆ? ತುಂಗಭದ್ರಾ ಅಣೆಕಟ್ಟೆ ಕಟ್ಟಿದಾಗ ಅದರಲ್ಲಿ 133 ಟಿ.ಎಂ.ಸಿ. ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಅದು 105ರ ಆಸುಪಾಸಿಗೆ ಇಳಿದಿದೆ. ಆ ಕೊರತೆ ಮೊದಲು ತಟ್ಟುವುದು ಕಾಲುವೆಯ ಕೊನೆಯ ಹೊಲಕ್ಕೆ. ಹೂಳೆಲ್ಲ ಚಂದ್ರದ್ರೋಣದ್ದೇ ಅಲ್ಲ, ದಾರಿಯುದ್ದದ ಹೊಲಗಳದೂ ಗುಡ್ಡಗಳದೂ ಇದೆ. ಭದ್ರೆಯ ತಲೆಯ ಹತ್ತಿರ ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿ ಇತ್ತು. ಸುಪ್ರೀಂ ಕೋರ್ಟಿನ ತೀರ್ಪಿನಂತೆ ಅದು 2005ರ ಕೊನೆಗೆ ಮುಚ್ಚಿತು. ಆ ತೀರ್ಪಿನಿಂದ ಕೋಸಗಿಗೂ ಉಪಕಾರವಾಯಿತೆಂದು ನಮ್ಮಲ್ಲಿ ಎಷ್ಟು ಮಂದಿ ಎಣಿಸಿದ್ದೇವೆ? 2024ರ ಆಗಸ್ಟಿನಲ್ಲಿ ಅಣೆಕಟ್ಟೆಯ 19ನೆಯ ಗೇಟು ಕೊಚ್ಚಿಹೋದಾಗ ನಾವೆಲ್ಲ ಹೌಹಾರಿದೆವು. ಗೇಟು ಮುರಿದದ್ದು ಒಂದು ರಾತ್ರಿಯಲ್ಲಿ ಗೊತ್ತಾಗುತ್ತದೆ. ಗುಡ್ಡ ಕರಗುವುದು ಗೊತ್ತೇ ಆಗುವುದಿಲ್ಲ.

ನಮ್ಮಲ್ಲಿ ನೀರು ಸಾಲದ ವರ್ಷ ಏನಾಗುತ್ತದೆಂದು ನಿಮಗೆ ಹೇಳಬೇಕಿಲ್ಲ. ಮನೆಗೆ ಬೀಗ ಹಾಕಿ, ಮಕ್ಕಳನ್ನು ಕಟ್ಟಿಕೊಂಡು ಗುಂಟೂರಿನ ಮೆಣಸಿನಕಾಯಿ ಬಿಡಿಸಲು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುತ್ತೇವೆ. 1953ರಲ್ಲಿ ಆದೋನಿ ತಾಲೂಕು ಬಳ್ಳಾರಿಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿತು. ಗಡಿ ನೆಲದ ಮೇಲೆ ಬಿತ್ತು, ನೀರಿನ ಮೇಲೆ ಬೀಳಲಿಲ್ಲ. ಆ ಗುಡ್ಡ ಆ ರಾಜ್ಯದ್ದು, ನಮಗೇನು ಎನ್ನುವ ಹಾಗಿಲ್ಲ.

ಹಾಗಾದರೆ ನಾವು ಮಾಡುವುದೇನು? ಅವಕಾಶವಿದ್ದವರು ಒಮ್ಮೆ ಹೋಗಿ ಬನ್ನಿ. ಗುಂತಕಲ್ಲು, ಬಳ್ಳಾರಿ, ಚಿತ್ರದುರ್ಗದ ಮೇಲೆ ಕಡೂರು, ಅಲ್ಲಿಂದ ನಲವತ್ತು ಕಿಲೋಮೀಟರು ಚಿಕ್ಕಮಗಳೂರು. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗುವ ಮೇಷ್ಟ್ರುಗಳು ಅರಮನೆ, ಅಣೆಕಟ್ಟೆ ತೋರಿಸುವ ಹಾಗೆಯೇ ಹೊಳೆಯ ತಲೆಯನ್ನೂ ತೋರಿಸಲಿ. ಹೋದವರು ಹುಲ್ಲಿನಲ್ಲಿ ಬೀಡಿಯ ತುಂಡು ಎಸೆಯಬೇಡಿ, ಮಾಘ, ಫಾಲ್ಗುಣದಲ್ಲಿ ಒಂದು ಕಿಡಿ ಸಾಕು. ಪ್ಲಾಸ್ಟಿಕ್ ಚೀಲ, ಬಾಟಲಿ ಹೊತ್ತು ಒಯ್ದವರು ಹೊತ್ತೇ ತನ್ನಿ. ಹೋಗಲಾರದವರು ನಮ್ಮೂರಿನ ಗುಡ್ಡದ ಹುಲ್ಲಿಗಾದರೂ ಬೆಂಕಿ ಬೀಳದಂತೆ ನೋಡಿಕೊಳ್ಳಿ. ಅದರ ಬುಡದ ಕೆರೆಗೂ ಇದೇ ಲೆಕ್ಕ.

ಎರಡು ಭಾಷೆಯ ನಮಗೆ ಒಂದು ಸೊಗಸಿನ ಮಾತಿದೆ. ಕನ್ನಡದಲ್ಲಿ ‘ಏರು’ ಎಂದರೆ ಹತ್ತು ಎಂದು. ತೆಲುಗಿನಲ್ಲಿ ‘ಏರು’ ಎಂದರೆ ಹೊಳೆ. ನಿಘಂಟಿನಲ್ಲಿ ಅವು ಎರಡು ಬೇರೆ ಮಾತುಗಳು. ಆದರೆ ಚಂದ್ರದ್ರೋಣವನ್ನು ಏರಿ, ನಮ್ಮ ಏರಿನ ತಲೆಯನ್ನು ಕಂಡು ಬಂದವರಿಗೆ ಎರಡೂ ಒಂದೇ ಎನ್ನಿಸಿದರೆ ಆಶ್ಚರ್ಯವಿಲ್ಲ.