ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಡ

(ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ಮಾಡಿದ ಮಾತಿನ ಬರಹರೂಪ)



"ನಿಮ್ಮ ಕೆಲಸದ ಬಗ್ಗೆ ಹದಿನೈದು ನಿಮಿಷ ಮಾತಾಡಿ, ಎಲ್ಲರಿಗೂ ಅರ್ಥವಾಗಬೇಕು" ಎಂದು ಕಾರ್ಯದರ್ಶಿಗಳು ಹೇಳಿದಾಗ ನನಗೆ ಸ್ವಲ್ಪ ಭಯವೇ ಆಯಿತು. ನನ್ನದು ಕಂಪ್ಯೂಟರ್ ಕೆಲಸ. ಅದರಲ್ಲಿ ಒಂದೇ ಒಂದು ಸಣ್ಣ ಆಜ್ಞೆಯ ಬಗ್ಗೆ ಹೇಳುತ್ತೇನೆ. ಆ ಆಜ್ಞೆ ನನಗೊಂದು ಪಾಠ ಕಲಿಸಿತು, ಅದಕ್ಕೇ ಅದನ್ನು ಆರಿಸಿಕೊಂಡೆ.

ಮೊದಲು ಅಡುಗೆಮನೆಯಿಂದ ಶುರು ಮಾಡೋಣ. ನಮ್ಮ ಸಂಘದ ಹಬ್ಬದೂಟದ ಹುಳಿಪುಡಿಯ ಅಳತೆ ಒಂದು ಪುಸ್ತಕದಲ್ಲಿದೆ ಎಂದುಕೊಳ್ಳಿ. ಮೂಲ ಪುಸ್ತಕ ಒಬ್ಬ ಹಿರಿಯರ ಮನೆಯಲ್ಲಿದೆ; ತಿದ್ದುವುದಿದ್ದರೆ ಅಲ್ಲೇ ತಿದ್ದಬೇಕು. ಅದರ ನಕಲುಗಳು ಮೂರು ಮನೆಗಳಲ್ಲಿವೆ. ಅವನ್ನು ಓದಬಹುದು, ತಿದ್ದುವ ಹಾಗಿಲ್ಲ. ನಿಮಗೆ ಅಳತೆ ಬೇಕಾದರೆ ಯಾರಿಗೆ ಫೋನ್ ಮಾಡುತ್ತೀರಿ? ಹತ್ತಿರದವರಿಗೆ. ಅವರು ಸಿಗದಿದ್ದರೆ ಮುಂದಿನವರಿಗೆ.

ದೊಡ್ಡ ವಿಶ್ವವಿದ್ಯಾಲಯ, ಸಂಶೋಧನಾ ಕೇಂದ್ರಗಳಲ್ಲಿ ಕಡತಗಳನ್ನು ಇಡುವ ಎಎಫ್‌ಎಸ್ ಎಂಬ ವ್ಯವಸ್ಥೆಯೂ ಹೀಗೇ. ಇದು 1980ರ ದಶಕದಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ, ಐಬಿಎಂ ಜೊತೆ ಸೇರಿ ಕಟ್ಟಿದ್ದು. ಅದರ ಮುಖ್ಯ ಶಿಲ್ಪಿ ಮಹಾದೇವ ಸತ್ಯನಾರಾಯಣನ್, ಮದ್ರಾಸ್ ಐಐಟಿಯಲ್ಲಿ ಓದಿದವರು. 2000ದಲ್ಲಿ ಐಬಿಎಂ ಅದರ ಮೂಲ ಸಂಕೇತವನ್ನು ಎಲ್ಲರಿಗೂ ತೆರೆದಿಟ್ಟಿತು. ಅದೇ ಓಪನ್‌ಎಎಫ್‌ಎಸ್.

ಇದರಲ್ಲಿ ಬೇರೆ ಬೇರೆ ಊರಿನ ಸರ್ವರ್‌ಗಳಲ್ಲಿರುವ ಕಡತಗಳೆಲ್ಲ ನಿಮ್ಮ ಪರದೆಯ ಮೇಲೆ ಒಂದೇ ಮನೆಯ ಸಾಮಾನಿನ ಹಾಗೆ ಕಾಣುತ್ತವೆ. ಎಲ್ಲರೂ ಬಳಸುವ ಪ್ರೋಗ್ರಾಂಗಳ ನಕಲುಗಳು ಹಲವು ಸರ್ವರ್‌ಗಳಲ್ಲಿರುತ್ತವೆ. ಯಾವ ಸರ್ವರ್‌ನಿಂದ ತರಬೇಕು ಎಂದು ನಿಮ್ಮ ಮೇಜಿನ ಮೇಲಿನ ಕಂಪ್ಯೂಟರೇ ತೀರ್ಮಾನಿಸುತ್ತದೆ. ಅದಕ್ಕಾಗಿ ಅದು ತನ್ನೊಳಗೆ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ: ಸರ್ವರ್‌ನ ಹೆಸರು, ಎದುರಿಗೆ ಒಂದು ಅಂಕಿ. ಅಂಕಿ ಕಡಿಮೆಯಾದಷ್ಟೂ ಪ್ರೀತಿ ಹೆಚ್ಚು. ಸರ್ವರ್ ಅದೇ ಯಂತ್ರದಲ್ಲಿದ್ದರೆ 5,000. ಅದೇ ಉಪಜಾಲದಲ್ಲಿದ್ದರೆ 20,000. ಅದೇ ಜಾಲದಲ್ಲಿದ್ದರೆ 30,000. ಬೇರೆ ಜಾಲವಾದರೆ 40,000. ಇಬ್ಬರಿಗೆ ಒಂದೇ ಅಂಕಿ ಬರದಿರಲಿ ಎಂದು 0ಯಿಂದ 14ರೊಳಗಿನ ಯಾವುದೋ ಒಂದು ಸಂಖ್ಯೆಯನ್ನು ಚೀಟಿ ಎತ್ತಿದ ಹಾಗೆ ಎತ್ತಿ, ಅದಕ್ಕೆ ಸೇರಿಸುತ್ತದೆ. ಈ ಚೀಟಿಯನ್ನು ನೆನಪಿಡಿ.

ಈ ಪಟ್ಟಿಯನ್ನು ನೋಡುವ ಆಜ್ಞೆಯೇ 'ಎಫ್‌ಎಸ್ ಗೆಟ್‌ಸರ್ವರ್‌ಪ್ರೆಫ್ಸ್'. ಹೆಸರಿನ ಬದಲು ವಿಳಾಸದ ಅಂಕಿಗಳೇ ಸಾಕೆಂದರೆ ಮುಂದೆ 'ನ್ಯೂಮೆರಿಕ್' ಎಂದು ಸೇರಿಸಬೇಕು. ಹೆಸರು ಹುಡುಕುವ ಸಮಯ ಉಳಿಯುತ್ತದೆ.

ಈಗ ಪಾಠದ ವಿಷಯಕ್ಕೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ, ನಾನಿದ್ದ ಸಂಸ್ಥೆಯಲ್ಲಿ, ನಮ್ಮ ತಂಡದ ಹುಡುಗಿಯೊಬ್ಬಳು ಹೆರಿಗೆ ರಜೆ ಮುಗಿಸಿ ಬಂದಳು. ಅವಳ ಹಳೆಯ ಜಾಗ ಬೇರೆಯವರಿಗೆ ಹೋಗಿತ್ತು. ಪಕ್ಕದ ಹೊಸ ಕಟ್ಟಡದಲ್ಲಿ ಮೇಜು ಕೊಟ್ಟರು. ಅಲ್ಲಿಗೆ ಹೋದ ಮೇಲೆ ಅವಳ ಕೆಲಸ ತಡವಾಗತೊಡಗಿತು. "ಪ್ರೋಗ್ರಾಂ ತೆರೆಯೋಕೇ ತುಂಬಾ ಹೊತ್ತು ಹಿಡಿಯುತ್ತೆ ಮೇಡಂ" ಎನ್ನುತ್ತಿದ್ದಳು. ನಾವು ಹೋಗಿ ನೋಡಿದ ದಿನ ಎಲ್ಲ ಸರಿಯಾಗಿರುತ್ತಿತ್ತು. ಪಕ್ಕದ ಮೇಜಿನವನಿಗೆ ಯಾವ ತೊಂದರೆಯೂ ಇರಲಿಲ್ಲ. ಸಭೆಯಲ್ಲಿ ಒಬ್ಬರು ಹೇಳಿಯೇಬಿಟ್ಟರು: "ಮಗು ಆದ ಮೇಲೆ ಗಮನ ಇಲ್ಲ." ಉಳಿದವರು ಸುಮ್ಮನಿದ್ದರು. ಹೇಳಲು ನಾಚಿಕೆಯಾಗುತ್ತದೆ, ನಾನೂ ಸುಮ್ಮನಿದ್ದೆ. ಮನಸ್ಸಿನೊಳಗೆ ಹೌದೇನೋ ಎಂದೂ ಅನ್ನಿಸಿತ್ತು. ಎರಡು ಮಕ್ಕಳನ್ನು ಹೆತ್ತು ಕೆಲಸಕ್ಕೆ ಮರಳಿದ ನನಗೇ ಹಾಗನ್ನಿಸಿತ್ತು!

ಒಂದು ಸಂಜೆ ಅವಳು ಕಣ್ಣು ಒರೆಸಿಕೊಳ್ಳುತ್ತಿದ್ದುದು ಕಂಡು ಪಕ್ಕದಲ್ಲಿ ಕುಳಿತೆ. ಅವಳ ಯಂತ್ರದಲ್ಲೇ ಆ ಆಜ್ಞೆ ಕೊಟ್ಟೆ. ಪಕ್ಕದ ಹಳೆಯ ಕಟ್ಟಡದ ಸರ್ವರ್‌ಗೆ 40,012. ಬೇರೆ ಊರಿನ ನಮ್ಮ ಶಾಖೆಯ ಸರ್ವರ್‌ಗೆ 40,004.

ಅರ್ಥವಾಯಿತಲ್ಲ? ಹೊಸ ಕಟ್ಟಡಕ್ಕೆ ಬೇರೆ ಜಾಲದ ವಿಳಾಸ ಕೊಟ್ಟಿದ್ದರು. ಹಾಗಾಗಿ ಅವಳ ಕಂಪ್ಯೂಟರ್‌ನ ಲೆಕ್ಕದಲ್ಲಿ ಪಕ್ಕದ ಕಟ್ಟಡವೂ ಪರವೂರೂ ಒಂದೇ ದೂರ. ಉಳಿದದ್ದು ಚೀಟಿ. ಯಂತ್ರ ಹೊಸದಾಗಿ ಶುರುವಾದಾಗೆಲ್ಲ ಚೀಟಿಯೂ ಹೊಸದು. ಹತ್ತಿರದ್ದಕ್ಕೆ ಚಿಕ್ಕ ಸಂಖ್ಯೆ ಬಂದ ದಿನ ಕೆಲಸ ಸರಾಗ. ದೂರದ್ದಕ್ಕೆ ಬಂದ ದಿನ ಕಾಯಬೇಕು. ಪಕ್ಕದ ಮೇಜಿನವನಿಗೆ ಚೀಟಿ ಒಳ್ಳೆಯದು ಬಿದ್ದಿತ್ತು, ಅವನು ತನ್ನ ಯಂತ್ರವನ್ನು ಆರಿಸುತ್ತಲೇ ಇರಲಿಲ್ಲ. ಇವಳು ಜವಾಬ್ದಾರಿಯಿಂದ ದಿನಾ ಆರಿಸಿ ಮನೆಗೆ ಹೋಗುತ್ತಿದ್ದಳು. ಅದಕ್ಕೇ ಇವಳ ಪಾಡು ದಿನಕ್ಕೊಂದು ತರಹ!

ಪಟ್ಟಿಯನ್ನು ನೋಡಲು ಯಾವ ವಿಶೇಷ ಅಧಿಕಾರವೂ ಬೇಡ, ಯಾರು ಬೇಕಾದರೂ ನೋಡಬಹುದು. ಬದಲಾಯಿಸಲು ಮಾತ್ರ ಆ ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವವರು ಬೇಕು. ನಾವು ಆ ಎರಡು ಸಾಲುಗಳನ್ನು ಮುದ್ರಿಸಿಕೊಂಡು ಸಿಸ್ಟಂ ನೋಡಿಕೊಳ್ಳುವವರ ಬಳಿ ಹೋದೆವು. ಅವರು 'ಸೆಟ್‌ಸರ್ವರ್‌ಪ್ರೆಫ್ಸ್' ಎಂಬ ಆಜ್ಞೆಯಿಂದ ಹತ್ತಿರದ ಸರ್ವರ್‌ಗೆ 20,000 ಎಂದು ಬರೆದರು. ಎರಡು ನಿಮಿಷದ ಕೆಲಸ. ಮರುದಿನ ಬೆಳಿಗ್ಗೆ ಮತ್ತೆ ಅದೇ ರಾಮಾಯಣ. ಈ ಪಟ್ಟಿ ಯಂತ್ರದ ತಾತ್ಕಾಲಿಕ ನೆನಪಿನಲ್ಲಿ ಮಾತ್ರ ಇರುತ್ತದೆ, ಆರಿಸಿದರೆ ಅಳಿಸಿಹೋಗುತ್ತದೆ. ಆಮೇಲೆ ಯಂತ್ರ ಶುರುವಾಗುವಾಗಲೇ ಓಡುವ ಸೂಚನೆಗಳಲ್ಲಿ ಆ ಸಾಲನ್ನು ಸೇರಿಸಿದರು. ಹೊಸ ಕಟ್ಟಡದ ಎಲ್ಲ ಯಂತ್ರಗಳಿಗೂ ಹಾಗೇ ಮಾಡಿದರು.

ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಈ ಪಟ್ಟಿ ಎಲ್ಲ ನಿಧಾನಕ್ಕೂ ಮದ್ದಲ್ಲ. ಒಂದೇ ಕಡೆ ಇರುವ ಮೂಲ ಕಡತಕ್ಕೆ ಆಯ್ಕೆಯೇ ಇಲ್ಲ, ಅದು ಇರುವಲ್ಲಿಗೇ ಹೋಗಬೇಕು. ಹಲವು ಕಡೆ ನಕಲು ಇರುವ ಕಡತಗಳಿಗೆ ಮಾತ್ರ ಈ ಅಂಕಿಗಳ ಪ್ರಯೋಜನ. ಅವಳಿಗೆ ತೊಂದರೆ ಕೊಡುತ್ತಿದ್ದುದು ಅಂಥ ಕಡತಗಳೇ.

ಮುಂದಿನ ಸಭೆಯಲ್ಲಿ ಆ ಮುದ್ರಿತ ಹಾಳೆಯನ್ನು ನಾನೇ ಮೇಜಿನ ಮೇಲಿಟ್ಟು ವಿವರಿಸಿದೆ. "ಗಮನ ಇಲ್ಲ" ಎಂದವರು ಹಾಳೆ ನೋಡಿದರು, ಏನೂ ಹೇಳಲಿಲ್ಲ. ಕ್ಷಮೆ ಕೇಳಿದ್ದು ನಾನೊಬ್ಬಳೇ. "ನೀವು ಬಂದು ನೋಡಿದಿರಲ್ಲ ಮೇಡಂ, ಸಾಕು" ಎಂದಳು. ನೋಡುವುದಕ್ಕೆ ಎರಡು ತಿಂಗಳು ತಡ ಮಾಡಿದ್ದೆ ಎಂಬುದು ನನಗೆ ಮಾತ್ರ ಗೊತ್ತು.

ನಮ್ಮಲ್ಲಿ ಅನೇಕರು ಕಂಪ್ಯೂಟರ್ ಮುಂದೆ ದುಡಿಯುವವರು, ಇಲ್ಲವೇ ಮಗಳೋ ಸೊಸೆಯೋ ದುಡಿಯುತ್ತಿರುತ್ತಾರೆ. ಕೆಲಸ ನಿಧಾನವಾದರೆ "ನನ್ನದೇ ತಪ್ಪೇನೋ" ಎಂದುಕೊಳ್ಳುವ ಮೊದಲು, ಅಥವಾ ಇನ್ನೊಬ್ಬಳನ್ನು ಹಾಗೆ ಅನ್ನುವ ಮೊದಲು, ಒಮ್ಮೆ ಪಟ್ಟಿ ತೆರೆದು ನೋಡಿ. ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಡ.