ಕಾನೂನಿನ ಪ್ರಶ್ನೆಗೆ ಉತ್ತರ ಬರೆಯುವ ಅಭ್ಯಾಸ

(ಚನ್ನಪಟ್ಟಣದಲ್ಲಿ ಸ್ವಸಹಾಯ ಗುಂಪುಗಳ ಸದಸ್ಯೆಯರ ಸಭೆಯಲ್ಲಿ ನಿವೃತ್ತ ಕಾಲೇಜು ಅಧ್ಯಾಪಕಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಲಾ ಪರೀಕ್ಷೆಯ ವಿಷಯ ನಮಗೇಕೆ ಎಂದು ನಿಮ್ಮಲ್ಲಿ ಕೆಲವರು ಯೋಚಿಸುತ್ತಿರಬಹುದು. ನಿಮ್ಮ ಗುಂಪುಗಳ ಮನೆಗಳಲ್ಲೇ ಈಗ ಕಾನೂನು ಓದುತ್ತಿರುವ ಹೆಣ್ಣುಮಕ್ಕಳಿದ್ದಾರೆ. ಅವರಲ್ಲಿ ಕೆಲವರು ಭಾನುವಾರ ನಮ್ಮ ಮನೆಯ ಪಡಸಾಲೆಯಲ್ಲಿ ಸೇರಿ ಹಳೆಯ ಪ್ರಶ್ನೆಪತ್ರಿಕೆಗಳಿಗೆ ಉತ್ತರ ಬರೆಯುತ್ತಾರೆ. ನಾನು ವಕೀಲಳಲ್ಲ. ರಾಜ್ಯಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಪ್ರಶ್ನೆ ಓದುವುದು, ಗಡಿಯಾರ ನೋಡುವುದು, ಬರೆದದ್ದನ್ನು ಕಾಯ್ದೆಯ ಪುಸ್ತಕದೊಂದಿಗೆ ತಾಳೆ ನೋಡುವುದು, ಇಷ್ಟೇ ನನ್ನ ಕೆಲಸ. ಇದನ್ನು ಮಾಡುತ್ತಾ ನನಗೆ ತಿಳಿದುಬಂದ ಒಂದು ಮಾತನ್ನು ನಿಮಗೆ ಹೇಳಬೇಕು. ಪರೀಕ್ಷೆಯಲ್ಲಿ ಆ ಹುಡುಗಿಯರಿಗೆ ಬೇಕಾದ ಅಭ್ಯಾಸ ಯಾವುದೋ, ಠಾಣೆಯ ಮೆಟ್ಟಿಲು ಹತ್ತುವ ಹೆಂಗಸಿಗೆ ಬೇಕಾದದ್ದೂ ಅದೇ.

ಈ ಬಾಗಿಲು ನಮಗೆ ಸುಲಭವಾಗಿ ತೆರೆದದ್ದಲ್ಲ. ರೆಜಿನಾ ಗುಹಾ ಕಾನೂನು ಪದವಿ ಪಡೆದಿದ್ದರೂ ಹೆಂಗಸು ಎಂಬ ಕಾರಣಕ್ಕೆ 1916ರಲ್ಲಿ ಕಲ್ಕತ್ತಾ ಹೈಕೋರ್ಟು ಅವರಿಗೆ ವಕೀಲಿ ನಡೆಸಲು ಬಿಡಲಿಲ್ಲ. 1923ರ ಕಾಯ್ದೆ ಬಂದ ಮೇಲೆಯೇ ಆ ತಡೆ ದೇಶದಲ್ಲಿ ನಿವಾರಣೆಯಾಯಿತು. ಇಂದು ನಮ್ಮ ಹುಡುಗಿಯರನ್ನು ತಡೆಯುವ ಕಾಯ್ದೆ ಇಲ್ಲ. ತಡೆಯುವುದು ಬಸ್ ಚಾರ್ಜು, ಫೀಸು, ಮನೆಗೆಲಸ, ಜೊತೆಗೆ ಇಂಗ್ಲಿಷಿನ ಹೆದರಿಕೆ.

ಇಂಗ್ಲಿಷಿನ ಹೆದರಿಕೆಯನ್ನು ಮೊದಲು ಬಿಡಿಸೋಣ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ 2009ರಲ್ಲಿ ಸ್ಥಾಪನೆಯಾಯಿತು. ಅದರ ಪ್ರಶ್ನೆಪತ್ರಿಕೆಗಳ ಮೇಲೆಯೇ ಉತ್ತರವನ್ನು ಇಂಗ್ಲಿಷಿನಲ್ಲಾಗಲಿ ಕನ್ನಡದಲ್ಲಾಗಲಿ ಪೂರ್ತಿಯಾಗಿ ಬರೆಯಬಹುದೆಂದು ಅಚ್ಚು ಹಾಕಿರುತ್ತಾರೆ. ಪದವಿಯಾದ ಮೇಲೆ ವಕೀಲರಾಗಲು ಬರೆಯಬೇಕಾದ ಅಖಿಲ ಭಾರತ ಪರೀಕ್ಷೆ 2011ರಿಂದ ನಡೆಯುತ್ತಿದೆ. ಅದರಲ್ಲಿ 100 ಪ್ರಶ್ನೆ. ಅದನ್ನೂ ಕನ್ನಡದಲ್ಲಿ ಬರೆಯಬಹುದು. ಇನ್ನು ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಲು ಸಾವಿರಾರು ರೂಪಾಯಿ ಬೇಕೆಂದು ಹೆದರುತ್ತಿದ್ದ ಕಾಲವಿತ್ತು. ಕಾಯ್ದೆಯಲ್ಲಿ ಹೇಳಿದ 750 ರೂಪಾಯಿಗಿಂತ, ಪರಿಶಿಷ್ಟರಾದರೆ 125 ರೂಪಾಯಿಗಿಂತ ಹೆಚ್ಚು ನೋಂದಣಿ ಶುಲ್ಕ ಕೇಳಬಾರದೆಂದು ಸುಪ್ರೀಂ ಕೋರ್ಟು 2024ರ ಜುಲೈನಲ್ಲಿ ತೀರ್ಪು ಕೊಟ್ಟಿದೆ.

ಈಗ ಪ್ರಶ್ನೆಗಳ ವಿಷಯಕ್ಕೆ ಬರೋಣ. ಕಾನೂನು ಪರೀಕ್ಷೆಯಲ್ಲಿ ಪ್ರಬಂಧದಂಥ ದೊಡ್ಡ ಪ್ರಶ್ನೆಗಳ ಜೊತೆಗೆ 'ಸಮಸ್ಯೆ' ಎಂಬ ಬಗೆಯೂ ಇರುತ್ತದೆ. ಒಂದು ಸಣ್ಣ ಕಥೆ ಕೊಟ್ಟು, ಇದನ್ನು ಬಿಡಿಸಿರಿ ಎನ್ನುತ್ತಾರೆ. ಗೈಡು ಬಾಯಿಪಾಠ ಮಾಡಿದವರು ಇಲ್ಲಿ ಎಡವುತ್ತಾರೆ. ನಮ್ಮ ಪಡಸಾಲೆಯಲ್ಲಿ ಈ ಊರಿನ ಬದುಕಿಗೆ ಒಗ್ಗುವಂತೆ ಮಾಡಿಕೊಂಡ ಕೆಲವು ಸಮಸ್ಯೆಗಳನ್ನು ಹೇಳುತ್ತೇನೆ. ನೀವೂ ಮನಸ್ಸಿನಲ್ಲೇ ಉತ್ತರ ಯೋಚಿಸಿ.

ಮೊದಲನೆಯದು. ಮದುವೆಯಾಗಿ ಮೂರು ವರ್ಷ. ಮದುವೆಯ ದಿನ ಗಂಡಿನವರು ಏನೂ ಕೇಳಲಿಲ್ಲ. ಈಗ ರೇಷ್ಮೆ ನೂಲು ಬಿಚ್ಚುವ ಶೆಡ್ಡು ಕಟ್ಟಲು ತವರಿನಿಂದ ಎರಡು ಲಕ್ಷ ತಾ ಎಂದು ಗಂಡ, ಅತ್ತೆ ಪೀಡಿಸುತ್ತಾರೆ, ಹೊಡೆಯುತ್ತಾರೆ. ಇದು ವರದಕ್ಷಿಣೆಯೇ?

ಒಬ್ಬ ಹುಡುಗಿ, ಅವಳೂ ಗಂಡನ ಮನೆ ಬಿಟ್ಟು ತವರಿಗೆ ಬಂದವಳು, ಹೀಗೆ ಬರೆದಿದ್ದಳು: "ವ್ಯಾಪಾರಕ್ಕೆ ಕೇಳಿದ ಹಣ ವರದಕ್ಷಿಣೆಯಾಗುವುದಿಲ್ಲ. ಹಿರಿಯರು ಕೂತು ರಾಜಿ ಮಾಡಿಸಬೇಕು." ನಾನು ಅವಳಿಗೆ, "ಇದು ಯಾವ ಕಾಯ್ದೆಯ ಯಾವ ಕಲಮಮ್ಮ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಮನೆಗೆ ಬಂದ ಹಿರಿಯರು ಹೇಳಿದ್ದು ಮೇಡಂ" ಎಂದಳು. ಆಮೇಲೆ 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಎರಡನೆಯ ಕಲಮನ್ನು ಗಟ್ಟಿಯಾಗಿ ಓದಿಸಿದೆ. ಮದುವೆಗೆ ಮುಂಚೆ, ಮದುವೆಯ ಸಮಯದಲ್ಲಿ, ಅಥವಾ ಮದುವೆಯ ನಂತರ ಯಾವಾಗಲಾದರೂ ಎಂದು ಅಲ್ಲಿದೆ. ವರದಕ್ಷಿಣೆ ಸಾವಿನ ಒಂದು ಪ್ರಕರಣದಲ್ಲಿ, ಮನೆಖರ್ಚಿಗೆ ಮತ್ತು ಗೊಬ್ಬರಕ್ಕೆ ಕೇಳಿದ ಹಣ ವರದಕ್ಷಿಣೆಯಲ್ಲ ಎಂದು ಸುಪ್ರೀಂ ಕೋರ್ಟು 2007ರಲ್ಲಿ ಹೇಳಿದ್ದು ನಿಜ. ಆದರೆ 2015ರಲ್ಲಿ ಮೂವರು ನ್ಯಾಯಾಧೀಶರ ಪೀಠ ಆ ತೀರ್ಪು ಸರಿಯಲ್ಲ ಎಂದಿತು. ಮನೆ ಕಟ್ಟಲು ಕೇಳಿದ ಹಣವೂ ವರದಕ್ಷಿಣೆಯೇ ಎಂದು 2022ರಲ್ಲಿ ಮತ್ತೊಂದು ತೀರ್ಪು ಬಂತು. ಹಳೆಯ ಗೈಡಿನಲ್ಲಿ 2007ರದ್ದು ಮಾತ್ರ ಇದ್ದರೆ ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ. ಹಿರಿಯರ ತಲೆಯಲ್ಲಿ ಅದೇ ಕೂತಿದ್ದರೆ ಒಂದು ಹೆಣ್ಣಿನ ಬಾಳೇ ಹೋಗಬಹುದು.

ಎರಡನೆಯದು. ತವರಿನವರು ಹಾಕಿದ ಒಡವೆ ಅತ್ತೆಯ ಬೀರುವಿನಲ್ಲಿದೆ. ಸೊಸೆ ಕೇಳಿದರೆ, "ಮನೆಗೆ ಬಂದದ್ದು ಮನೆಯದು" ಎನ್ನುತ್ತಾರೆ. ಅದು ಯಾರದು? ಸ್ತ್ರೀಧನ ಹೆಂಡತಿಯದೇ ಸ್ವಂತ ಆಸ್ತಿ, ಗಂಡನ ಮನೆ ಸೇರಿದ ಮಾತ್ರಕ್ಕೆ ಅದು ಗಂಡನದಾಗುವುದಿಲ್ಲ ಎಂದು 1985ರ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಇಲ್ಲಿ ಪರೀಕ್ಷಕರು ಇನ್ನೊಂದನ್ನು ನಿರೀಕ್ಷಿಸುತ್ತಾರೆ. ಒಡವೆ ಕೊಟ್ಟದ್ದಕ್ಕೆ ಸಾಕ್ಷಿ ಏನು? 1985ರ ನಿಯಮಗಳ ಪ್ರಕಾರ ಮದುವೆಯ ಉಡುಗೊರೆಗಳ ಪಟ್ಟಿ ಬರೆದಿಡಬೇಕು. ವಸ್ತು ಯಾವುದು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ಅವರ ಸಂಬಂಧವೇನು ಎಂದು ಬರೆದು ವಧೂವರರು ಸಹಿ ಹಾಕಬೇಕು. ವಾರದ ಉಳಿತಾಯವನ್ನು ಪೈಸೆ ಬಿಡದೆ ಪುಸ್ತಕದಲ್ಲಿ ಬರೆಯುವ ನಮಗೆ ಮಗಳ ಮದುವೆಯ ದಿನ ಒಂದು ಹಾಳೆ ಬರೆಯಲು ಯಾಕೆ ಮುಜುಗರ?

ಕೆಲವು ತಾಯಂದಿರಿಗೆ ಇನ್ನೊಂದು ಭಯವಿದೆ. ವರದಕ್ಷಿಣೆ ಕೊಟ್ಟವರೂ ಅಪರಾಧಿಗಳಲ್ಲವೇ, ದೂರು ಕೊಟ್ಟರೆ ನಮ್ಮನ್ನೇ ಹಿಡಿಯುವುದಿಲ್ಲವೇ ಎಂದು. ಕೊಡುವುದೂ ಅಪರಾಧವೇ. ಆದರೆ ನೊಂದವರು ಕೊಟ್ಟ ಹೇಳಿಕೆಯನ್ನು ಹಿಡಿದು ಅವರ ಮೇಲೆಯೇ ಆ ಕಾಯ್ದೆಯಡಿ ಮೊಕದ್ದಮೆ ಹೂಡುವಂತಿಲ್ಲ ಎಂದು ಅದೇ ಕಾಯ್ದೆಯ ಏಳನೆಯ ಕಲಂ ಹೇಳುತ್ತದೆ.

ಮೂರನೆಯದು. ಮೈಸೂರಿಗೆ ಮದುವೆಯಾಗಿ ಹೋದ ಚನ್ನಪಟ್ಟಣದ ಹುಡುಗಿಯನ್ನು 2023ರಲ್ಲಿ ಹೊಡೆದು ಹೊರಗೆ ಹಾಕಿದರು. ಅವಳು ತವರಿಗೆ ಬಂದು 2024ರ ಆಗಸ್ಟಿನಲ್ಲಿ ದೂರು ಕೊಡುತ್ತಾಳೆ. ಯಾವ ಕಲಂ? ಯಾವ ಠಾಣೆ? 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ನಮ್ಮ ಚಳವಳಿಯ ಬಾಯಲ್ಲಿ ನಿಂತುಹೋದ 498ಎ ಈಗ 85 ಮತ್ತು 86ನೆಯ ಕಲಮುಗಳಾಗಿದೆ. ವರದಕ್ಷಿಣೆ ಸಾವಿನ 304ಬಿ ಈಗ 80. ಆದರೆ ಕೃತ್ಯ ನಡೆದದ್ದು 2023ರಲ್ಲಾದ್ದರಿಂದ ಇಲ್ಲಿ ಹಳೆಯ 498ಎ ಅನ್ವಯವಾಗುತ್ತದೆ. ದೂರು ಕೊಟ್ಟ ದಿನವನ್ನಲ್ಲ, ಕೃತ್ಯ ನಡೆದ ದಿನವನ್ನು ನೋಡಬೇಕು. ಇನ್ನು ಠಾಣೆ. ಆಸರೆ ಪಡೆದ ತವರಿನ ಊರಿನಲ್ಲೂ ಇಂಥ ದೂರು ಕೊಡಬಹುದೆಂದು 2019ರ ರೂಪಾಲಿ ದೇವಿ ಪ್ರಕರಣದಲ್ಲಿ ತೀರ್ಮಾನವಾಗಿದೆ. "ಮೈಸೂರಿಗೆ ಹೋಗಿ" ಎಂದು ವಾಪಸು ಕಳಿಸಿದರೆ ಈ ಉತ್ತರ ನೆನಪಿರಲಿ.

ನಾಲ್ಕನೆಯದು ನಮಗೆ ಕಹಿಯಾದ ಪ್ರಶ್ನೆ. ಮದುವೆಯಾಗಿ ಐದು ವರ್ಷಕ್ಕೆ ಹೆಣ್ಣುಮಗಳು ಬೆಂಕಿಯಲ್ಲಿ ಬೆಂದು ಸತ್ತಳು. ವರದಕ್ಷಿಣೆಗಾಗಿ ಕಿರುಕುಳವಿತ್ತೆಂದು ತವರಿನವರು ಹೇಳುತ್ತಾರೆ. ಯಾವಾಗ, ಏನು ಕೇಳಿದರು, ಯಾರ ಮುಂದೆ ಎಂಬುದಕ್ಕೆ ಉತ್ತರವಿಲ್ಲ. ವರದಕ್ಷಿಣೆ ಸಾವೆಂದು ರುಜುವಾಗುತ್ತದೆಯೇ? ಹುಡುಗಿಯರೆಲ್ಲ ಸಿಟ್ಟಿನಿಂದ "ಆಗುತ್ತದೆ" ಎಂದೇ ಬರೆದಿದ್ದರು. ಕಾಯ್ದೆ ಕೇಳುವುದು ಇಷ್ಟು: ಮದುವೆಯಾಗಿ ಏಳು ವರ್ಷದೊಳಗೆ ಸಾವು, ಅದು ಸುಟ್ಟ ಅಥವಾ ಬೇರೆ ಗಾಯದಿಂದ ಇಲ್ಲವೇ ಅಸಹಜವಾಗಿ ಆದ ಸಾವು, ಸಾವಿಗೆ ಸ್ವಲ್ಪ ಮುಂಚೆ ಗಂಡನಿಂದ ಅಥವಾ ಅವನ ಕಡೆಯವರಿಂದ ಕ್ರೌರ್ಯ, ಆ ಕ್ರೌರ್ಯ ವರದಕ್ಷಿಣೆ ಬೇಡಿಕೆಗೆ ಸಂಬಂಧಿಸಿದ್ದು. ಇವು ರುಜುವಾದ ಮೇಲೆಯೇ ನ್ಯಾಯಾಲಯ ಆರೋಪಿಯ ವಿರುದ್ಧ ಊಹೆ ಮಾಡಿಕೊಳ್ಳಬೇಕಾಗುತ್ತದೆ. ಸಿಟ್ಟು ಎಷ್ಟು ನ್ಯಾಯವಾದದ್ದಾದರೂ ಪುರಾವೆಯ ಜಾಗದಲ್ಲಿ ನಿಲ್ಲುವುದಿಲ್ಲ. ನಮ್ಮ ಪರವಾಗಿ ಬಾರದ ಉತ್ತರವನ್ನೂ ಸರಿಯಾಗಿ ಬರೆಯಲು ಕಲಿತ ಹುಡುಗಿಯೇ ನಾಳೆ ನಮಗೆ ಒಳ್ಳೆಯ ವಕೀಲೆಯಾಗುತ್ತಾಳೆ. ಎಲ್ಲಿ ಸಾಕ್ಷಿ ಸಾಲದು ಎಂಬುದು ಅವಳಿಗೆ ಮೊದಲೇ ಕಾಣುತ್ತದೆ.

ಓದುವ ಹೆಣ್ಣುಮಕ್ಕಳಿಗೆ ನಾನು ಹೇಳುವ ಕ್ರಮ ಸರಳ. ಪ್ರಶ್ನೆಯನ್ನು ಎರಡು ಸಲ ಓದಿ. ನಡೆದ ಸಂಗತಿಗಳನ್ನು ತಾರೀಖಿನ ಸಮೇತ ಬಿಡಿಬಿಡಿಯಾಗಿ ಬರೆದುಕೊಳ್ಳಿ. ವಿವಾದ ಯಾವುದರ ಬಗ್ಗೆ ಎಂದು ಒಂದು ಸಾಲಿನಲ್ಲಿ ಹೇಳಿ. ಆಮೇಲೆ ಕಲಂ, ಅದರ ಅಂಶಗಳು, ಒಂದೊಂದು ಅಂಶವೂ ಈ ಕಥೆಯಲ್ಲಿ ಇದೆಯೇ ಇಲ್ಲವೇ ಎಂಬ ವಿಚಾರ, ಕೊನೆಗೆ ತೀರ್ಮಾನ. ಮೊದಲು ಪುಸ್ತಕ ಮುಚ್ಚಿ ಬರೆಯಿರಿ, ನಂತರ ತೆರೆದು ತಿದ್ದಿ. ತಪ್ಪಿದ್ದು ಯಾಕೆ ತಪ್ಪಿತೆಂದು ಬೇರೊಂದು ನೋಟ್‌ಬುಕ್ಕಿನಲ್ಲಿ ಗುರುತು ಮಾಡಿ. ಹಳೆಯ ಪ್ರಶ್ನೆಪತ್ರಿಕೆ ಬಿಸಾಡಬೇಡಿ, ಕಥೆಗಳು ಹಳತಾಗುವುದಿಲ್ಲ. ಕಲಮಿನ ಸಂಖ್ಯೆಯನ್ನು ಮಾತ್ರ ಹೊಸ ಸಂಹಿತೆಯೊಂದಿಗೆ ತಾಳೆ ನೋಡಿ. ವಾರಕ್ಕೊಮ್ಮೆಯಾದರೂ ಮೂರು ಗಂಟೆ ಒಂದೇ ಸಮನೆ ಕೂತು ಪೂರ್ತಿ ಪತ್ರಿಕೆ ಬರೆಯಿರಿ.

ಆ ಮೂರು ಗಂಟೆ ಎಲ್ಲಿಂದ ಬರಬೇಕು? ಇದು ನಿಮಗೆ ಕೇಳುವ ಪ್ರಶ್ನೆ. ಪರೀಕ್ಷೆಯ ತಿಂಗಳಲ್ಲೂ ಹುಳುವಿಗೆ ಸೊಪ್ಪು ಹಾಕಿ, ಅಡುಗೆ ಮುಗಿಸಿ, ರಾತ್ರಿ ಹತ್ತಕ್ಕೆ ಪುಸ್ತಕ ತೆರೆಯುವವಳು ಹೇಗೆ ಅಭ್ಯಾಸ ಮಾಡಿಯಾಳು? ಮಗನ ಪರೀಕ್ಷೆಗೆ ಮನೆಯವರೆಲ್ಲ ಪಿಸುದನಿಯಲ್ಲಿ ಮಾತಾಡುತ್ತೇವೆ. ಸೊಸೆಯ ಪರೀಕ್ಷೆಗೂ ಅಷ್ಟು ಮಾಡೋಣ. ಗುಂಪಿನ ಸಾಲವನ್ನು ಹಸುವಿಗೆ, ಅಂಗಡಿಗೆ ಕೊಡುವ ಹಾಗೆ ಪರೀಕ್ಷಾ ಶುಲ್ಕಕ್ಕೂ ಕೊಡುವ ಠರಾವು ಬರೆಯಬಹುದು.

ಇನ್ನೊಂದು ಕೋರಿಕೆ. ತಿಂಗಳಿಗೊಂದು ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಓದುವ ಹುಡುಗಿಯೊಬ್ಬಳಿಂದ ಇಂಥ ಒಂದು ಸಮಸ್ಯೆ ಓದಿಸಿ, ಎಲ್ಲರೂ ಉತ್ತರ ಹೇಳಿ. ಅವಳಿಗೆ ಪರೀಕ್ಷೆಯ ಅಭ್ಯಾಸ, ನಿಮಗೆ ಕಾನೂನಿನ ತಿಳುವಳಿಕೆ. ನಿಮ್ಮ ಬೀದಿಯಲ್ಲಿ ಯಾರಾದರೂ ನೋವಿನಲ್ಲಿದ್ದರೆ ಏನು ನಡೆಯಿತು, ಯಾವ ದಿನ, ಯಾರು ನೋಡಿದರು, ಯಾವ ಆಸ್ಪತ್ರೆಯಲ್ಲಿ ತೋರಿಸಿದರು ಎಂದು ಅಂದೇ ಬರೆದಿಡಲು ನೆರವಾಗಿ. ನಾಲ್ಕನೆಯ ಪ್ರಶ್ನೆಯ ತಾಯಿಗೆ ಇಲ್ಲದೆ ಹೋದದ್ದು ಆ ಒಂದು ಹಾಳೆ.

ಪ್ರಶ್ನೆಪತ್ರಿಕೆ ಕೇಳದ ಮಾತೂ ಒಂದಿದೆ. ಹೊರಗೆ ಹಾಕಿದ ಹೆಂಗಸು ಈ ರಾತ್ರಿ ಎಲ್ಲಿ ಮಲಗಬೇಕು? 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಅವಳಿಗೆ ಅದೇ ಮನೆಯಲ್ಲಿ ಇರುವ ಹಕ್ಕು ಕೊಟ್ಟಿದೆ. ಆದರೆ ಆದೇಶ ಕೈಗೆ ಬರುವವರೆಗೆ ಬಾಗಿಲು ತೆರೆಯಬೇಕಾದವರು ನೆರೆಯವರು, ಅಂದರೆ ನೀವು. 181ಕ್ಕೆ ಫೋನು ಮಾಡಿಸಿ. ವಕೀಲರ ಫೀಸಿಗೆ ದುಡ್ಡಿಲ್ಲವೆಂದು ಕೈಚೆಲ್ಲಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಆದಾಯ ಎಷ್ಟೇ ಇರಲಿ, ಪ್ರತಿ ಹೆಂಗಸಿಗೂ ಉಚಿತ ಕಾನೂನು ನೆರವಿನ ಹಕ್ಕಿದೆ. ಅದರ ಸಂಖ್ಯೆ 15100. ಈ ಎರಡೂ ಸಂಖ್ಯೆಗಳನ್ನು ಗುಂಪಿನ ಪುಸ್ತಕದ ಮೊದಲ ಹಾಳೆಯಲ್ಲೇ ಬರೆದುಕೊಳ್ಳಿ.

ಮೊದಲ ಸಮಸ್ಯೆಗೆ ರಾಜಿ ಎಂದು ಬರೆದ ಆ ಹುಡುಗಿ ಈಗ ತನ್ನ ದೂರನ್ನು ತಾನೇ ಬರೆದಿದ್ದಾಳೆ. ಎರಡು ಪುಟ, ತಾರೀಖಿನ ಸಮೇತ. ಅದರ ಫಲ ಏನಾಗುವುದೋ ಕಾದು ನೋಡಬೇಕು. ಮುಂದಿನ ತಿಂಗಳು ಅವಳ ಪರೀಕ್ಷೆಯೂ ಇದೆ. ಅವಳಂಥವರಿಗೆ ಓದಲು ಒಂದು ದೀಪ, ಒಂದು ಮೂಲೆ, ಮೂರು ಗಂಟೆ ಬಿಡುವು ಒದಗಿಸಿ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.